ಕೂಗಿದ ಅಳಿಲಿಗೆ ಏನು ಲಾಭ? ಪ್ರಾಣಿ ವರ್ತನೆ ಓದುವವರಿಗೆ ಒಂದು ಟಿಪ್ಪಣಿ

ಕಾಡುಪ್ರಾಣಿಗಳ ವರ್ತನೆಯ ಪಾಠ ಓದುವಾಗ ಒಂದು ಉತ್ತರ ತಾನಾಗಿಯೇ ಬಾಯಿಗೆ ಬರುತ್ತದೆ: "ತನ್ನ ಸಂಕುಲ ಉಳಿಯಲಿ ಅಂತ ಪ್ರಾಣಿ ಹೀಗೆ ಮಾಡುತ್ತದೆ." ಕೇಳಲು ಚೆನ್ನಾಗಿದೆ. ಆದರೆ ಕಾಡಿನಲ್ಲಿ ಕಣ್ಣಾರೆ ಕಂಡ ನಡವಳಿಕೆಗೆ ಇದು ಬಹಳ ಕಡೆ ಹೊಂದುವುದಿಲ್ಲ. ಯಾಕೆ ಹೊಂದುವುದಿಲ್ಲ, ಅದರ ಬದಲು ಯಾವ ಲೆಕ್ಕ ಹಾಕಬೇಕು ಅನ್ನುವುದನ್ನು ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲು ಚೌಕಟ್ಟು. ಪ್ರಾಣಿ ವರ್ತನೆಯ ವಿಜ್ಞಾನಿ ನಿಕೊ ಟಿನ್‌ಬರ್ಗನ್ 1963ರಲ್ಲಿ ಯಾವುದೇ ವರ್ತನೆಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಬೇಕು ಅಂದರು. ಈಗ ಅದನ್ನು ಹೊರಡಿಸಿದ್ದು ಏನು? ಮರಿ ಬೆಳೆಯುತ್ತಾ ಅದು ಹೇಗೆ ರೂಪುಗೊಂಡಿತು? ಬದುಕಿ ಮರಿ ಮಾಡಲು ಅದರಿಂದ ಏನು ಉಪಯೋಗ? ಪೂರ್ವಜರಿಂದ ಅದು ಹೇಗೆ ಬಂತು? ಈ ಟಿಪ್ಪಣಿ ಪೂರ್ತಿ ಮೂರನೆಯ ಪ್ರಶ್ನೆಯ ಮೇಲೆ. ಉಳಿದ ಮೂರು ಪಠ್ಯದಲ್ಲಿ ಚೆನ್ನಾಗಿಯೇ ಇವೆ.

ಮುಸುವಗಳು ಕಲಿಸಿದ ಪಾಠ

1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಧಾರವಾಡದ ಸುತ್ತಮುತ್ತ ಮುಸುವಗಳ ಹಿಂಡುಗಳನ್ನು ಅಧ್ಯಯನ ಮಾಡಿದರು. ಹೊರಗಿನ ಗಂಡುಗಳು ಒಂದು ಹಿಂಡಿನ ಮೇಲೆ ನುಗ್ಗಿದವು. ಹಳೆಯ ಯಜಮಾನನನ್ನು ಓಡಿಸಿದ ಮೇಲೆ ಒಂದು ಗಂಡು ಹಿಂಡನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಹಾಲು ಕುಡಿಯುತ್ತಿದ್ದ ಮರಿಗಳನ್ನು ಕಚ್ಚಿ ಕೊಂದಿತು. ಮರಿ ಕಳೆದುಕೊಂಡ ತಾಯಂದಿರು ಸ್ವಲ್ಪ ಸಮಯದಲ್ಲೇ ಬೆದೆಗೆ ಬಂದು ಅದೇ ಗಂಡಿನ ಜೊತೆ ಕೂಡಿದವು. ಸಂಕುಲದ ಒಳಿತು ಅನ್ನುವವರು ಇದಕ್ಕೆ ಏನು ಹೇಳಬೇಕು? ಆರೋಗ್ಯವಾಗಿದ್ದ ಮರಿಗಳು ಸತ್ತರೆ ಸಂಕುಲಕ್ಕೆ ಬರೀ ನಷ್ಟ.

1970ರ ದಶಕದಲ್ಲಿ ಮೌಂಟ್ ಅಬುವಿನ ಮುಸುವಗಳನ್ನು ನೋಡಿದ ಸಾರಾ ಹರ್ಡಿ, ಲಾಭ ಆ ಒಂದು ಗಂಡಿಗೆ ಅಂತ ವಿವರಿಸಿದರು. ಹಾಲೂಡಿಸುವ ತಾಯಿ ಬೇಗ ಮತ್ತೆ ಬಸಿರಾಗುವುದಿಲ್ಲ. ಹಿಂಡು ತನ್ನ ಕೈಯಲ್ಲಿರುವುದು ಕೆಲವೇ ಕಾಲ. ಇನ್ನೊಬ್ಬನ ಮರಿ ದೊಡ್ಡದಾಗಲಿ ಅಂತ ಕಾದು ಕೂತ ಗಂಡಿಗೆ ಸ್ವಂತ ಮರಿ ಕಡಿಮೆ. ಸಿಂಹಗಳಲ್ಲೂ ಹೊಸ ಗಂಡುಗಳು ಇದನ್ನೇ ಮಾಡುತ್ತವೆ. ಓದಲು ಸಂಕಟವಾಗುವ ವಿಷಯ, ನಿಜ. ಆದರೆ ಸಂಕುಲದ ವಾದವನ್ನು ಇದರಷ್ಟು ಗಟ್ಟಿಯಾಗಿ ಅಲ್ಲಾಡಿಸುವ ಉದಾಹರಣೆ ನನಗೆ ಇನ್ನೊಂದು ಸಿಕ್ಕಿಲ್ಲ.

ಹಾಗಾದರೆ ಅಳಿಲು ಯಾಕೆ ಕೂಗುತ್ತದೆ?

ಪ್ರತಿ ಪ್ರಾಣಿಯೂ ತನ್ನ ಲಾಭವನ್ನೇ ನೋಡುತ್ತದೆ ಅಂದಕೂಡಲೇ ತಿರುಗುಪ್ರಶ್ನೆ ಏಳುತ್ತದೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ, ಸುಮಾರು 3000 ಮೀಟರ್ ಎತ್ತರದ ಟಿಯೋಗಾ ಪಾಸ್ ಬಳಿಯ ಹುಲ್ಲುಗಾವಲುಗಳಲ್ಲಿ ಬೆಲ್ಡಿಂಗ್ ನೆಲ ಅಳಿಲುಗಳಿವೆ. ವರ್ಷದ ಹೆಚ್ಚಿನ ಭಾಗ ಬಿಲದಲ್ಲಿ ದೀರ್ಘ ನಿದ್ರೆ. ಹೊರಗಿರುವ ಕೆಲವೇ ತಿಂಗಳಲ್ಲಿ ತಿನ್ನಬೇಕು, ಮರಿ ಹಾಕಬೇಕು, ಕೊಬ್ಬು ಸೇರಿಸಬೇಕು. ಅಷ್ಟರಲ್ಲಿ ಕಾಯೋಟಿ (ತೋಳದ ಜಾತಿಯ ಬೇಟೆಪ್ರಾಣಿ) ಬಂದರೆ? ಒಂದು ಅಳಿಲು ಹಿಂಗಾಲ ಮೇಲೆ ನೆಟ್ಟಗೆ ನಿಂತು ಟ್ರಿರ್‌ರ್ ಅಂತ ಬಿಡದೆ ಕೂಗುತ್ತದೆ. ಉಳಿದವು ಎಚ್ಚೆತ್ತು ಬಿಲದ ಕಡೆ ಓಡುತ್ತವೆ. ಕಾಯೋಟಿಯ ಕಣ್ಣು ಬೀಳುವುದು ಕೂಗಿದ ಅಳಿಲಿನ ಮೇಲೆ.

ಪಾಲ್ ಶರ್ಮನ್ ಇಲ್ಲಿ ಒಂದೊಂದು ಅಳಿಲಿಗೂ ಗುರುತು ಹಾಕಿ, ಯಾರ ಮಗಳು ಯಾರು ಅನ್ನುವುದನ್ನು ತಾಯಿಯ ಕಡೆಯಿಂದ ಬರೆದಿಟ್ಟರು. 1977ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಜಾಸ್ತಿ ಕೂಗಿದ್ದು ಹೆಣ್ಣುಗಳು, ಅದರಲ್ಲೂ ಹತ್ತಿರದಲ್ಲಿ ಮಗಳೋ ತಾಯಿಯೋ ಅಕ್ಕತಂಗಿಯೋ ಇದ್ದ ಹೆಣ್ಣುಗಳು. ಗಂಡುಗಳು ಕೂಗಿದ್ದು ಕಡಿಮೆ. ಕಾರಣ ಅವುಗಳ ವಾಸದ ರೀತಿಯಲ್ಲೇ ಇದೆ. ಹೆಣ್ಣು ಹುಟ್ಟಿದ ಬಿಲದ ಆಸುಪಾಸಿನಲ್ಲೇ ಜೀವನ ಕಳೆಯುತ್ತದೆ. ಗಂಡು ದೂರ ಹೋಗಿ ನೆಲೆಸುತ್ತದೆ. ಅದರ ಕೂಗು ಕೇಳಿ ಬದುಕುವವರಲ್ಲಿ ನೆಂಟರು ಅಷ್ಟಾಗಿ ಇರುವುದಿಲ್ಲ.

ನೆಂಟರು ಬದುಕಿದರೆ ಅವರಲ್ಲಿರುವ ತನ್ನದೇ ಜೀನ್‌ಗಳೂ ಉಳಿಯುತ್ತವೆ. ಈ ವಿಚಾರವನ್ನು ಮೊದಲೇ ಲೆಕ್ಕಕ್ಕೆ ಇಳಿಸಿದವರು ಜೀವವಿಜ್ಞಾನಿ ವಿಲಿಯಂ ಹ್ಯಾಮಿಲ್ಟನ್, 1964ರಲ್ಲಿ. ನೆನಪಿಗೆ ಸುಲಭವಾಗಲಿ ಅಂತ ನಾನು ಹೀಗೆ ಬರೆದುಕೊಳ್ಳುತ್ತೇನೆ:

ನಂಟು × ಲಾಭ > ನಷ್ಟ

ಪುಸ್ತಕದಲ್ಲಿ ಇವೇ ಆರ್, ಬಿ, ಸಿ. ನಷ್ಟ ಕೂಗಿದವಳದ್ದು, ಲಾಭ ಕೇಳಿಸಿಕೊಂಡವಳದ್ದು. ಎಡಗಡೆ ದೊಡ್ಡದಾದರೆ ಕೂಗುವ ಗುಣ ಪೀಳಿಗೆಯಿಂದ ಪೀಳಿಗೆಗೆ ಹರಡುತ್ತದೆ. ಅಳಿಲು ಕೂತು ಗುಣಾಕಾರ ಮಾಡಬೇಕಿಲ್ಲ. ಲೆಕ್ಕ ಮಾಡುವುದು ನೈಸರ್ಗಿಕ ಆಯ್ಕೆ.

ನಂಟು ಅಂದರೆ ಏನು (ನಿಧಾನವಾಗಿ ಓದಿ)

ನನಗೆ ಅತಿ ಜಾಸ್ತಿ ಸಮಯ ಹಿಡಿದದ್ದು ಇಲ್ಲೇ. "ಅಕ್ಕತಂಗಿಯರ ಜೀನ್ ಅರ್ಧ ಒಂದೇ" ಅಂತ ಪುಸ್ತಕ ಹೇಳುತ್ತದೆ. ಅದೇ ಪುಸ್ತಕದ ಇನ್ನೊಂದು ಅಧ್ಯಾಯ, ಮನುಷ್ಯನಿಗೂ ಚಿಂಪಾಂಜಿಗೂ ಡಿಎನ್‌ಎ ಹೆಚ್ಚೂಕಡಿಮೆ ಒಂದೇ ಅನ್ನುತ್ತದೆ. ಹಾಗಾದರೆ ಸ್ವಂತ ತಂಗಿ ಬರೀ ಅರ್ಧ ಹೇಗೆ? ಉತ್ತರ ಇಷ್ಟು: ನಂಟು ಅನ್ನುವುದು ಒಟ್ಟು ಹೋಲಿಕೆಯ ಅಳತೆ ಅಲ್ಲ. ಹಿಂಡಿನಲ್ಲಿ ಎಲ್ಲರಲ್ಲೂ ಇರುವ ಜೀನ್‌ಗಳನ್ನು ಪಕ್ಕಕ್ಕಿಡಿ. ಅಪರೂಪದ ಒಂದು ಜೀನ್ ಮಾತ್ರ ತೆಗೆದುಕೊಳ್ಳಿ, ಕೂಗುವ ಗುಣವನ್ನು ಹೆಚ್ಚಿಸುವಂಥದ್ದು. ಅದು ನನ್ನಲ್ಲಿದ್ದರೆ, ಅದೇ ಮೂಲದಿಂದ ಬಂದ ಅದರ ನಕಲು ನನ್ನ ತಂಗಿಯಲ್ಲೂ ಇರುವ ಸಾಧ್ಯತೆ ಎಷ್ಟು? ಅಷ್ಟೇ ಪ್ರಶ್ನೆ.

ಈಗ ಹೆಜ್ಜೆ ಹೆಜ್ಜೆಯಾಗಿ ಹೋಗೋಣ. ಆ ಜೀನ್ ನನಗೆ ಅಮ್ಮನಿಂದ ಬಂದಿರುವ ಸಾಧ್ಯತೆ 1/2. ಅಮ್ಮನಿಂದಲೇ ಬಂದಿದ್ದರೆ, ಅಮ್ಮ ಅದೇ ನಕಲನ್ನು ತಂಗಿಗೂ ಕೊಟ್ಟಿರುವ ಸಾಧ್ಯತೆ ಮತ್ತೆ 1/2, ನಾಣ್ಯ ಚಿಮ್ಮಿದ ಹಾಗೆ. ಎರಡನ್ನೂ ಗುಣಿಸಿದರೆ 1/4. ಹಲವರು ಇಲ್ಲೇ ಪೆನ್ನು ಕೆಳಗಿಡುತ್ತಾರೆ. ಅಪ್ಪನ ದಾರಿ ಇನ್ನೂ ಬಾಕಿ ಇದೆ! ಅದು ಅಪ್ಪನಿಂದ ಬಂದಿರಬಹುದು, 1/2. ಅಪ್ಪ ತಂಗಿಗೂ ಕೊಟ್ಟಿರಬಹುದು, 1/2. ಅಲ್ಲಿಂದ ಇನ್ನೊಂದು 1/4. ಎರಡು ದಾರಿ ಕೂಡಿಸಿದರೆ 1/2.

ಅಪ್ಪ ಬೇರೆಯಾದರೆ ಎರಡನೇ ದಾರಿಯೇ ಇಲ್ಲ, ನಂಟು 1/4ಕ್ಕೇ ನಿಲ್ಲುತ್ತದೆ. ಸುಮ್ನೆ ಪರೀಕ್ಷೆಗಾಗಿ ಕಟ್ಟಿದ ಉದಾಹರಣೆ ಅಲ್ಲ ಇದು. ಬೆಲ್ಡಿಂಗ್ ಅಳಿಲಿನ ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡುತ್ತದೆ. ಒಂದೇ ಬಸಿರಿನಲ್ಲಿ ಬೇರೆ ಬೇರೆ ಅಪ್ಪಂದಿರ ಮರಿಗಳಿರುತ್ತವೆ. ಒಂದೇ ಬಿಲದಲ್ಲಿ, ಒಂದೇ ದಿನ ಹುಟ್ಟಿದ ಎರಡು ಮರಿಗಳ ನಂಟು 1/2 ಆಗಿರಬಹುದು, 1/4 ಕೂಡ ಆಗಿರಬಹುದು.

ನನ್ನ ನೆಚ್ಚಿನ ಅಡ್ಡದಾರಿ: ಕಾಗದದ ಮೇಲೆ ವಂಶವೃಕ್ಷ ಬರೆಯಿರಿ. ಒಬ್ಬರಿಂದ ಇನ್ನೊಬ್ಬರಿಗೆ, ಇಬ್ಬರಿಗೂ ಪೂರ್ವಜರಾದವರ ಮೂಲಕ ಬೆರಳಿಟ್ಟು ಹೋಗಿ. ದಾಟಿದ ಪ್ರತಿ ಗೆರೆಗೂ 1/2 ಗುಣಿಸಿ. ಎಷ್ಟು ಬೇರೆ ಬೇರೆ ದಾರಿ ಇವೆಯೋ ಅವನ್ನೆಲ್ಲ ಕೂಡಿಸಿ. ದಾರಿಯೊಳಗೆ ಗುಣಿಸು, ದಾರಿ ದಾರಿ ಕೂಡಿಸು. ಇದೊಂದು ಗೊತ್ತಿದ್ದರೆ ನಂಟಿನ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ.

ಯಾರ ಮರಿ, ಯಾರ ನಂಟು?

ಎರಡನೇ ಗಂಟು ಇದು, ಮೊದಲಿನದಕ್ಕಿಂತ ಬಿಗಿ. ಲಾಭ, ನಷ್ಟ ಎರಡನ್ನೂ ಅಳೆಯುವುದು ಮರಿಗಳ ಲೆಕ್ಕದಲ್ಲಿ. ಆಹಾರ, ಸಮಯ, ಆಯಾಸ ಯಾವುದನ್ನೂ ನೇರವಾಗಿ ಹಾಕುವಂತಿಲ್ಲ. ಒಂದು ಕಾಲ್ಪನಿಕ ಲೆಕ್ಕ ಇಟ್ಟುಕೊಳ್ಳೋಣ. ಕೂಗಿದ್ದರಿಂದ ನನಗೆ 1 ಮರಿ ಕಡಿಮೆಯಾಗುತ್ತದೆ. ಬದುಕಿದ ತಂಗಿಗೆ 3 ಮರಿ ಜಾಸ್ತಿಯಾಗುತ್ತದೆ. ತಂಗಿಯ ನಂಟು 1/2. ಹಾಗಾಗಿ 1/2 × 3 = 1.5. ಇದು 1ಕ್ಕಿಂತ ದೊಡ್ಡದು, ಕೂಗುವ ಗುಣ ಹರಡುತ್ತದೆ. ಅರ್ಧತಂಗಿಯಾದರೆ 1/4 × 3 = 0.75. ಹರಡುವುದಿಲ್ಲ.

ಈಗ ಅನುಮಾನ ಬರುತ್ತದೆ. ಹುಟ್ಟುವುದು ತಂಗಿಯ ಮರಿಗಳಲ್ವಾ? ಅವುಗಳ ಜೊತೆ ನನ್ನ ನಂಟು 1/4. ಹಾಗಾದರೆ 1/4 × 3 = 0.75 ಅಂತ ಬರೆಯಬೇಕಲ್ವಾ? ಬರೆಯಬಹುದು. ಆದರೆ ಹಾಗೆ ಬರೆದರೆ ಬಲಗಡೆಯೂ ಅದೇ ನಿಯಮ ನಡೆಯಬೇಕು. ನಾನು ಕಳೆದುಕೊಂಡ ಸ್ವಂತ ಮರಿಯ ಜೊತೆ ನನ್ನ ನಂಟು 1/2. ಅಂದರೆ ನಷ್ಟ 1/2 × 1 = 0.5. ಈಗ 0.75, 0.5ಕ್ಕಿಂತ ದೊಡ್ಡದು. ಉತ್ತರ ಅದೇ ಬಂತು. ಮೊದಲ ವಿಧಾನದಲ್ಲಿ ಎರಡೂ ಕಡೆ "ತಾಯಿಯಿಂದ ಮರಿಗೆ" ಅನ್ನುವ 1/2 ಹೊಡೆದುಹೋಗಿದೆ, ಅಷ್ಟೇ ವ್ಯತ್ಯಾಸ. ಎಡಗಡೆ 1/4 ಹಾಕಿ ಬಲಗಡೆ 1 ಹಾಗೇ ಬಿಟ್ಟರೆ ಮಾತ್ರ ಲೆಕ್ಕ ಕೆಡುತ್ತದೆ. ತಾಯಂದಿರನ್ನು ಎಣಿಸುತ್ತೀರೋ ಮರಿಗಳನ್ನು ಎಣಿಸುತ್ತೀರೋ, ಎರಡೂ ಕಡೆ ಒಂದೇ ಇರಲಿ.

ಎಲ್ಲ ಕೂಗಿಗೂ ಇದೇ ಸೂತ್ರ ಅಂಟಿಸಬೇಡಿ

ಇದೇ ಅಳಿಲುಗಳಿಗೆ ಇನ್ನೊಂದು ಕೂಗಿದೆ. ಗಿಡುಗ ಕಂಡರೆ ಆ ಟ್ರಿರ್‌ರ್ ಕೂಗಲ್ಲ, ಚುರುಕಾದ ಸಿಳ್ಳೆ. ಎಲ್ಲ ಅಳಿಲುಗಳೂ ಒಮ್ಮೆಲೇ ಚೆಲ್ಲಾಪಿಲ್ಲಿಯಾಗಿ ಓಡುತ್ತವೆ. 1985ರಲ್ಲಿ ಶರ್ಮನ್ ತೋರಿಸಿದಂತೆ, ಸಿಳ್ಳೆ ಹಾಕಿದ ಅಳಿಲು ಗಿಡುಗದ ಉಗುರಿಗೆ ಸಿಗುವ ಅಪಾಯ ಹಾಕದೆ ಇದ್ದವಕ್ಕಿಂತ ಕಡಿಮೆ. ಇಲ್ಲಿ ನಷ್ಟವೇ ಇಲ್ಲ, ತ್ಯಾಗದ ಮಾತೂ ಇಲ್ಲ. ಅದೇ ಪ್ರಾಣಿ, ಅದೇ ಹುಲ್ಲುಗಾವಲು, ಶತ್ರು ಮಾತ್ರ ಬೇರೆ. ಸೂತ್ರಕ್ಕೆ ಕೈ ಹಾಕುವ ಮೊದಲು ನಷ್ಟ ನಿಜವಾಗಿ ಇದೆಯಾ ಅಂತ ನೋಡಬೇಕು. ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ಗುಂಪಾಗಿ ಬದುಕುವ, ಮುಂಗುಸಿ ಜಾತಿಯ ಮೀರ್‌ಕ್ಯಾಟ್ ಕಾವಲುಗಾರನ ಕಥೆಯೂ ಇದೇ. ಹೊಟ್ಟೆ ತುಂಬಿದ ಮೇಲೆ ಕಾವಲಿಗೆ ನಿಲ್ಲುತ್ತದೆ, ಅಪಾಯ ಕಂಡರೆ ಮೊದಲು ನೋಡಿದವನೂ ಅದೇ.

ನಂಟಿಲ್ಲದೆಯೂ ಸಹಾಯ ನಡೆಯುತ್ತದೆ. ರಕ್ತ ಹೀರುವ ಬಾವಲಿ ಎರಡು ಮೂರು ರಾತ್ರಿ ಸತತವಾಗಿ ಉಪವಾಸ ಬಿದ್ದರೆ ಸಾಯುತ್ತದೆ. ಹಸಿದದ್ದಕ್ಕೆ ಜೊತೆಯ ಬಾವಲಿ ರಕ್ತ ಕಕ್ಕಿ ಕುಡಿಸುತ್ತದೆ. ಜೆರಾಲ್ಡ್ ವಿಲ್ಕಿನ್‌ಸನ್ 1984ರಲ್ಲಿ ಕೋಸ್ಟರಿಕಾದಿಂದ ವರದಿ ಮಾಡಿದಂತೆ, ನೆಂಟರ ಜೊತೆಗೆ ಬಹುಕಾಲದ ಒಡನಾಡಿಗಳಿಗೂ ಈ ಸಹಾಯ ಸಿಗುತ್ತದೆ. ಇದಕ್ಕೆ ರಾಬರ್ಟ್ ಟ್ರೈವರ್ಸ್ 1971ರಲ್ಲಿ ಮಂಡಿಸಿದ ಕೊಡು-ಕೊಳ್ಳುವ ವಿವರಣೆ ಓದಿಕೊಳ್ಳಿ.

ಕೊನೆಗೆ ಅಡ್ಡದಾರಿಗೆ ಒಂದು ಅಭ್ಯಾಸ. ಇಬ್ಬರು ಒಡಹುಟ್ಟಿದ ಅಕ್ಕತಂಗಿಯರ ಮಕ್ಕಳ ನಡುವಿನ ನಂಟು ಎಷ್ಟು? ಮಗುವಿನಿಂದ ತಾಯಿ, ತಾಯಿಯಿಂದ ಅಜ್ಜಿ, ಅಜ್ಜಿಯಿಂದ ಚಿಕ್ಕಮ್ಮ, ಚಿಕ್ಕಮ್ಮನಿಂದ ಅವಳ ಮಗು. ನಾಲ್ಕು ಗೆರೆ, 1/16. ಅಜ್ಜನ ಮೂಲಕ ಇನ್ನೊಂದು 1/16. ಒಟ್ಟು 1/8. ಅಂದರೆ ಲಾಭ ನಷ್ಟದ ಎಂಟು ಪಟ್ಟಿಗಿಂತ ಜಾಸ್ತಿ ಇರಬೇಕು. ಟಿಯೋಗಾ ಪಾಸ್‌ನಲ್ಲಿ ತಾಯಿ-ಮಗಳು, ಅಕ್ಕತಂಗಿಯರು ಒಟ್ಟಾಗಿ ಹೊರಗಿನ ಅಳಿಲುಗಳನ್ನು ಅಟ್ಟಿ ಮರಿಗಳನ್ನು ಕಾಯುವುದನ್ನು ಶರ್ಮನ್ ಕಂಡರು. ಅಷ್ಟು ದೂರದ ನೆಂಟರನ್ನಾದರೋ ಅವು ಪರಕೀಯರ ಹಾಗೆಯೇ ನಡೆಸಿಕೊಂಡವು.