ಮೊದಲು ಟೆರೇಸ್ ಬಾಗಿಲಿನ ಬೀಗ ನೋಡಿ

ಅಗ್ನಿಶಾಮಕ ಇಲಾಖೆಯ ನಾವು ಕಟ್ಟಡದ ತಪಾಸಣೆಗೆ ಹೋದರೆ ಎಲ್ಲರೂ ನಮ್ಮನ್ನು ಮೊದಲು ಕರೆದುಕೊಂಡು ಹೋಗುವುದು ಪಂಪ್ ರೂಮಿಗೆ. ಕೆಂಪು ಬಣ್ಣ ಹೊಡೆದ ಪೈಪು, ಹೊಳೆಯುವ ಗೇಜು. ನೆಲ ಆಗಷ್ಟೇ ಒರೆಸಿರುತ್ತಾರೆ. ಮ್ಯಾನೇಜರ್ ಕೈಯಲ್ಲಿ ಫೈಲು. ಆಮೇಲೆ ಕಾಫಿ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಕಲಿತ ಒಂದು ಜಾಣತನ ಅಂದರೆ ಈ ದಾರಿಯನ್ನು ತಿರುಗಿಸಿದ್ದು. ಲಿಫ್ಟ್ ಬೇಡ ಅಂತ ಹೇಳಿ ಮೆಟ್ಟಿಲು ಹತ್ತಿ ಸೀದಾ ಟೆರೇಸಿಗೆ ಹೋಗುವುದು. ಪಂಪ್ ರೂಮ್ ಕೊನೆಗೆ.

ಒಂದು ಜಿಲ್ಲಾ ಕೇಂದ್ರದ ಐದು ಮಹಡಿಯ ನರ್ಸಿಂಗ್ ಹೋಮ್‌ನಲ್ಲಿ ಹೀಗೇ ಹತ್ತಿದೆ. ಟೆರೇಸ್ ಬಾಗಿಲಿಗೆ ದಪ್ಪ ಬೀಗ. ‘ಕೀ ಎಲ್ಲಿ?’ ಅಂದೆ. ‘ವಾಚ್‌ಮನ್ ಹತ್ರ ಸಾರ್’ ಅಂದರು. ವಾಚ್‌ಮನ್ ಬಂದ. ಅವನು ‘ನೈಟ್ ಡ್ಯೂಟಿಯವನ ಹತ್ರ ಇದೆ ಸಾರ್’ ಅಂದ. ನೈಟ್ ಡ್ಯೂಟಿಯವನು ಮನೆಯಲ್ಲಿ ಮಲಗಿದ್ದ. ಯಾರೋ ಬೈಕಿನಲ್ಲಿ ಹೋಗಿ ಕೀ ತಂದರು. ನಾನು ಗಡಿಯಾರ ನೋಡಿಕೊಂಡೇ ಕೂತಿದ್ದೆ. 18 ನಿಮಿಷ. ಅಲ್ಲಿ ಬೆಂಕಿಯಿರಲಿಲ್ಲ, ಹೊಗೆಯಿರಲಿಲ್ಲ, ಹಗಲು ಹನ್ನೊಂದು ಗಂಟೆ. ಆದರೂ 18 ನಿಮಿಷ.

ಈಗ ಹೊಸದಾಗಿ ಠಾಣಾಧಿಕಾರಿಗಳಾಗಿ ಬಂದಿರುವ ಹುಡುಗರು ನನ್ನನ್ನು ಕೇಳುವುದು ಜಾಸ್ತಿ ನಿಯಮದ ನಂಬರುಗಳ ಬಗ್ಗೆಯೇ. ನಂಬರು ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ದೇಶದ ದೊಡ್ಡ ಅನಾಹುತಗಳನ್ನು ತೆಗೆದು ನೋಡಿ. ಜನ ಸತ್ತದ್ದು ಬಹುಪಾಲು ಉರಿಯಿಂದಲ್ಲ. ಹೊಗೆಯಿಂದ, ಇಲ್ಲವೇ ಹೊರಗೆ ಹೋಗಲು ದಾರಿಯಿಲ್ಲದೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಹೊಗೆ ಮೇಲಕ್ಕೇರಿ ಮಹಡಿಗಳನ್ನು ತುಂಬಿಕೊಂಡಿತು. ಉಸಿರಾಡಲಾಗದೆ ಕೆಲವರು ಗಾಜು ಒಡೆದು ಕೆಳಗೆ ಹಾರಿದರು. ಅದಾದ ಮೇಲೆಯೇ ನಮ್ಮ ರಾಜ್ಯದಲ್ಲಿ ಕಟ್ಟಡಗಳ ತಪಾಸಣೆಗೆ ಸ್ವಲ್ಪ ಬಿಸಿ ಮುಟ್ಟಿದ್ದು. ಮಕ್ಕಳನ್ನು, ಮನೆಯವರನ್ನು ಕಳೆದುಕೊಂಡವರು ಸೇರಿ ‘ಬಿಯಾಂಡ್ ಕಾರ್ಲ್‌ಟನ್’ ಅನ್ನುವ ಸಂಸ್ಥೆ ಕಟ್ಟಿದರು. ಇವತ್ತಿಗೂ ನಮ್ಮ ಬೆನ್ನು ಬಿಟ್ಟಿಲ್ಲ. ಒಳ್ಳೆಯದೇ.

ಹೊಗೆ ಮೇಲಕ್ಕೆ ಹೋಗುವ ದಾರಿ ಯಾವುದು? ಮೆಟ್ಟಿಲು ಒಂದು. ಇನ್ನೊಂದು ಎಲೆಕ್ಟ್ರಿಕಲ್ ಶಾಫ್ಟ್. ತಳದಿಂದ ತುದಿಯವರೆಗೆ ಕೇಬಲ್ ಹೋಗುವ ಆ ಗೂಡನ್ನು ಪ್ರತಿ ಮಹಡಿಯಲ್ಲೂ ಬೆಂಕಿ ತಡೆಯುವ ಸೀಲೆಂಟ್ ಹಾಕಿ ಮುಚ್ಚಬೇಕು. ಇಲ್ಲದಿದ್ದರೆ ಅದು ಚಿಮಣಿ. ಕಟ್ಟುವಾಗ ಮುಚ್ಚಿರುತ್ತಾರೆ. ಆಮೇಲೆ ಇಂಟರ್ನೆಟ್ಟಿನವನು ಬಂದು ತೂತು ಕೊರೆದು ಕೇಬಲ್ ಎಳೆದು ಹೋಗುತ್ತಾನೆ. ಸಿಸಿ ಕ್ಯಾಮೆರಾದವನು ಇನ್ನೊಂದು ಕೊರೆಯುತ್ತಾನೆ. ಮುಚ್ಚುವವರು ಯಾರೂ ಇಲ್ಲ. ಹಾಗಾಗಿ ಶಾಫ್ಟ್ ಬಾಗಿಲು ತೆಗೆಸಿ, ಟಾರ್ಚ್ ಹಾಕಿ ಮೇಲೆ ನೋಡಿ. ಮೇಲಿನ ಮಹಡಿಯ ಬೆಳಕು ಕಂಡರೆ ಸೀಲ್ ಇಲ್ಲ ಅಂತಲೇ ಲೆಕ್ಕ. ಎಷ್ಟೋ ಕಡೆ ಅದರೊಳಗೆ ಪೊರಕೆ, ಫಿನಾಯಿಲ್ ಡಬ್ಬಿ, ಹಳೇ ಪೇಪರ್ ಕಟ್ಟು ಸಿಗುತ್ತವೆ. ಅವನ್ನು ಅಲ್ಲೇ ನಿಂತು ಹೊರಗೆ ಹಾಕಿಸಿ. ನಾಳೆ ಅಂದರೆ ಆಗುವುದಿಲ್ಲ.

ಆಸ್ಪತ್ರೆ ಅಂದರೆ ನನಗೆ ಬೇಸ್‌ಮೆಂಟ್ ಭಯ. 2011ರ ಡಿಸೆಂಬರ್ 9ರಂದು ಕೋಲ್ಕತ್ತಾದ ಆಮ್ರಿ ಆಸ್ಪತ್ರೆಯಲ್ಲಿ ಬೆಂಕಿ ಹುಟ್ಟಿದ್ದು ಬೇಸ್‌ಮೆಂಟಿನಲ್ಲಿ. ಗಾಡಿ ನಿಲ್ಲಿಸಬೇಕಾದ ಜಾಗದಲ್ಲಿ ಸಾಮಾನು ತುಂಬಿದ್ದರು. ಹೊಗೆ ವಾರ್ಡುಗಳಿಗೆ ಏರಿತು. ಏಳಲಾಗದ ರೋಗಿಗಳು ಹಾಸಿಗೆಯಲ್ಲೇ ಹೋದರು. ಸತ್ತವರು 90ರ ಹತ್ತಿರ. ನಕ್ಷೆಯಲ್ಲಿ ‘ಪಾರ್ಕಿಂಗ್’ ಅಂತ ಇದ್ದ ಜಾಗ ಇವತ್ತು ಏನಾಗಿದೆ ಅಂತ ಇಳಿದು ನೋಡದೆ ಸಹಿ ಹಾಕಬೇಡಿ. ಗದ್ದೆಯಲ್ಲಿ ಬದು ಜರುಗಿದ ಹಾಗೆ ಕಟ್ಟಡದ ಉಪಯೋಗವೂ ಸದ್ದಿಲ್ಲದೆ ಜರುಗುತ್ತದೆ.

ಇನ್ನು ಸರ್ಟಿಫಿಕೇಟಿನ ವಿಷಯ. ನಕ್ಷೆ ಹಂತದಲ್ಲಿ ಎನ್‌ಒಸಿ, ಕಟ್ಟಿ ಮುಗಿಸಿದ ಮೇಲೆ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅದಕ್ಕೆ ಎರಡು ವರ್ಷಕ್ಕೊಮ್ಮೆ ನವೀಕರಣ. ಎರಡು ವರ್ಷ ಅಂದರೆ 730 ದಿನ. ನಾವು ನೋಡುವುದು ಅದರಲ್ಲಿ ಒಂದು ದಿನ, ಅದೂ ಮೊದಲೇ ಹೇಳಿ ಹೋದ ದಿನ. ಉಳಿದ 729 ದಿನ ಪಂಪಿನ ನಾಬ್ ಎಲ್ಲಿರುತ್ತದೆ ಗೊತ್ತಾ? ತಾನಾಗಿ ಶುರುವಾಗುವ ‘ಆಟೋ’ದಲ್ಲಿ ಅಲ್ಲ, ‘ಆಫ್’ನಲ್ಲಿ.

ಯಾಕೆ ಅಂತ ಬಹಳ ಜನ ಅಧಿಕಾರಿಗಳು ಕೇಳುವುದೇ ಇಲ್ಲ. ಸುಮ್ನೆ ‘ಆಟೋಗೆ ಹಾಕಿ’ ಅಂತ ಬೈದು ಬರುತ್ತಾರೆ. ಕಾರಣ ಸಣ್ಣದು. ಯಾವುದೋ ವಾಲ್ವಿನ ಗ್ಲಾಂಡಿನಲ್ಲಿ ನೀರು ಸೋರುತ್ತಿರುತ್ತದೆ. ಲೈನಿನಲ್ಲಿ ಪ್ರೆಶರ್ ಇಳಿಯುತ್ತದೆ. ಅದನ್ನು ತುಂಬಲು ಜಾಕಿ ಪಂಪ್ ಅನ್ನುವ ಸಣ್ಣ ಪಂಪು ರಾತ್ರಿಯೆಲ್ಲ ಹತ್ತು ನಿಮಿಷಕ್ಕೊಮ್ಮೆ ಗುರ್ ಅನ್ನುತ್ತದೆ. ಗ್ರೌಂಡ್ ಫ್ಲೋರ್ ಮನೆಯವರು ನಿದ್ದೆಯಿಲ್ಲ ಅಂತ ಗಲಾಟೆ ಮಾಡುತ್ತಾರೆ. ಪ್ಲಂಬರ್ ಕರೆಸುವ ಬದಲು ವಾಚ್‌ಮನ್ ನಾಬ್ ತಿರುಗಿಸುತ್ತಾನೆ. ಅವನ ತಪ್ಪೇನಿಲ್ಲ ಬಿಡಿ, ಅವನಿಗೆ ಯಾರು ಹೇಳಿಕೊಟ್ಟಿದ್ದಾರೆ? ಆದ್ದರಿಂದ ವರದಿಯಲ್ಲಿ ‘ಪಂಪ್ ಆಫ್ ಇತ್ತು’ ಅಂತ ಮಾತ್ರ ಬರೆಯಬೇಡಿ. ಎಲ್ಲಿ ಸೋರುತ್ತಿದೆ ಅಂತ ಹುಡುಕಿ ಬರೆಯಿರಿ. ಸೋರಿಕೆ ನಿಲ್ಲದೆ ಆ ನಾಬ್ ಆಟೋದಲ್ಲಿ ನಿಲ್ಲುವುದಿಲ್ಲ.

ಪರೀಕ್ಷೆ ಮಾಡುವುದಾದರೆ ಕೊನೆಯ ಮಹಡಿಯ ಹೈಡ್ರಂಟ್, ಅಂದರೆ ಬೆಂಕಿ ಆರಿಸುವ ನೀರಿನ ನಲ್ಲಿ ತೆರೆಸಿ. ಕೆಳಗಡೆ ನೀರು ಜೋರಾಗಿ ಬರುವುದು ದೊಡ್ಡ ವಿಷಯವಲ್ಲ. ತುದಿಯಲ್ಲಿ ಗೇಜ್ 3.5 ಬಾರ್ ಪ್ರೆಶರ್ ತೋರಿಸಬೇಕು. ಹೋಸ್ ಬಾಕ್ಸ್ ಕೂಡ ತೆಗೆಸಿ. ಹಿತ್ತಾಳೆಯ ಬ್ರಾಂಚ್, ಅಂದರೆ ಹೋಸಿನ ತುದಿಗೆ ಹಾಕುವ ಮೂತಿ, ಇರಬೇಕಾದ ಕಡೆ ಬಹಳ ಸಲ ಖಾಲಿ. ಗುಜರಿಗೆ ಹೋಗಿರುತ್ತದೆ. ನವೀಕರಣದ ದಿನ ಪಕ್ಕದ ಕಟ್ಟಡದಿಂದ ಸಾಲ ತಂದು ಇಡುವವರೂ ಇದ್ದಾರೆ. ಒಂದೇ ರಸ್ತೆಯ ಎರಡು ಕಟ್ಟಡಗಳನ್ನು ಒಂದೇ ಬೆಳಿಗ್ಗೆ ನೋಡಿ, ಗೊತ್ತಾಗುತ್ತದೆ.

ಎತ್ತರದ ಆಟವೂ ಹೀಗೇ. ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ 2016ರ ಎನ್‌ಬಿಸಿ ಪ್ರಕಾರ 15 ಮೀಟರ್ ಮತ್ತು ಮೇಲ್ಪಟ್ಟದ್ದು ಹೈ ರೈಸ್, ಅದಕ್ಕೆ ನಿಯಮ ಬಿಗಿ. ಹಾಗಾಗಿ 14.95 ಮೀಟರಿನ ನಕ್ಷೆಗಳು ಎಷ್ಟು ಬೇಕಾದರೂ ಸಿಗುತ್ತವೆ. ಐದು ಸೆಂಟಿಮೀಟರಿನಲ್ಲಿ ಬೆಂಕಿ ಏನು ಬದಲಾಗುತ್ತದೆ ಅಂತ ಮಾಲೀಕರನ್ನು ಕೇಳಿ ಪ್ರಯೋಜನವಿಲ್ಲ. ಆದರೆ ಒಂದು ಮಾತು ನೆನಪಿರಲಿ. ಎತ್ತರ ಕಮ್ಮಿಯಿದ್ದರೂ ಶಾಲೆ, ಆಸ್ಪತ್ರೆ, ಜನ ಸೇರುವ ಹಾಲ್‌ಗಳಲ್ಲಿ ಯಾವುದೇ ಒಂದು ಮಹಡಿ 500 ಚದರ ಮೀಟರ್ ದಾಟಿದರೆ ಎರಡು ಮೆಟ್ಟಿಲು ಬೇಕೇ ಬೇಕು. 2004ರಲ್ಲಿ ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಹೋದದ್ದು ಯಾವ ಗಗನಚುಂಬಿಯಲ್ಲೂ ಅಲ್ಲ. 2019ರಲ್ಲಿ ಸೂರತ್‌ನ ಕೋಚಿಂಗ್ ಸೆಂಟರಿನಲ್ಲಿ 22 ಜನ ಸತ್ತದ್ದೂ ಅಲ್ಲ. ಕುಂಭಕೋಣದ ನಂತರ ಶಾಲೆಗಳ ಬಗ್ಗೆ ಸುಪ್ರೀಂ ಕೋರ್ಟು 2009ರಲ್ಲಿ ಕಟ್ಟುನಿಟ್ಟಿನ ಆದೇಶ ಕೊಟ್ಟಿದೆ. ಶಾಲೆಯ ಆಡಳಿತ ಮಂಡಳಿಯವರು ವಾದಕ್ಕೆ ನಿಂತರೆ ಅದನ್ನು ನೆನಪಿಸಿ.

ಬೆಂಗಳೂರಿಗೆ 2023ರಲ್ಲಿ 90 ಮೀಟರ್ ಏಣಿಯ ಗಾಡಿ ಬಂತು. ಫೋಟೋ ಎಲ್ಲ ಪೇಪರಿನಲ್ಲೂ. ನನಗೂ ಹೆಮ್ಮೆಯೇ. ಆದರೆ ಅದು ನಿಲ್ಲಲು ಜಾಗ ಬೇಕಲ್ಲ? ಕಟ್ಟಡದ ಸುತ್ತ 6 ಮೀಟರ್ ದಾರಿ ಬಿಡಬೇಕು, ಅದು 45 ಟನ್ ಭಾರ ತಡೆಯಬೇಕು ಅನ್ನುತ್ತದೆ ಎನ್‌ಬಿಸಿ. ಆ ದಾರಿಯ ಕೆಳಗೇ ಬೇಸ್‌ಮೆಂಟಿನ ಸ್ಲಾಬ್ ಬಂದಿದ್ದರೆ ಇಂಜಿನಿಯರ್ ಕೈಯಿಂದ ಭಾರದ ಲೆಕ್ಕ ಬರೆಸಿಕೊಳ್ಳಿ. ಸಂಪಿನ ಮುಚ್ಚಳ ಆ ದಾರಿಯಲ್ಲಿದ್ದರೆ ಅದನ್ನೂ ನೋಡಿ. ಗಾಡಿಯ ಚಕ್ರ ಸಂಪಿಗೆ ಇಳಿದರೆ ನಮ್ಮನ್ನೇ ಯಾರೋ ಎತ್ತಬೇಕಾಗುತ್ತದೆ.

ಹೋಟೆಲುಗಳಲ್ಲಿ ಲೆಕ್ಕ ಸುಲಭ. ಸ್ಫೋಟಕ, ಗ್ಯಾಸುಗಳ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ ಪೆಸೊದ ಲೈಸೆನ್ಸ್ ಇಲ್ಲದೆ 100 ಕೆಜಿಗಿಂತ ಜಾಸ್ತಿ ಎಲ್‌ಪಿಜಿ ಇಡುವಂತಿಲ್ಲ. ಕಮರ್ಷಿಯಲ್ ಸಿಲಿಂಡರ್ 19 ಕೆಜಿ. ಐದಕ್ಕೆ 95. ಆರನೆಯದು ಕಂಡರೆ ಲೈಸೆನ್ಸ್ ಕೇಳಿ. ‘ಅದು ಖಾಲಿ ಸಾರ್’ ಅಂತಾರೆ. ಎತ್ತಿಸಿ ನೋಡಿ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಿದು ತಗ್ಗಿಗೆ ಹೋಗಿ ಕೂರುತ್ತದೆ. ಬೇಸ್‌ಮೆಂಟಿನಲ್ಲಿ ಒಂದು ಸಿಲಿಂಡರ್ ಇದ್ದರೂ ಅದನ್ನು ಹೊರಗೆ ಹಾಕಿಸುವವರೆಗೆ ಅಲ್ಲಿಂದ ಕದಲಬೇಡಿ. ಅಡುಗೆಮನೆ ಪಕ್ಕ ಕೆಲಸದ ಹುಡುಗರು ರಾತ್ರಿ ಎಲ್ಲಿ ಮಲಗುತ್ತಾರೆ ಅಂತಲೂ ಕೇಳಿ. 2018ರ ಜನವರಿಯಲ್ಲಿ ಕಲಾಸಿಪಾಳ್ಯದ ಬಾರ್ ಒಂದರಲ್ಲಿ ಬೆಂಕಿಗೆ ಸಿಕ್ಕಿದ ಐದೂ ಜನ ಒಳಗೆ ಮಲಗಿದ್ದ ಕೆಲಸಗಾರರು. ನಕ್ಷೆಯಲ್ಲಿ ಅವರ ಹಾಸಿಗೆ ಇರುವುದಿಲ್ಲ.

ದೀಪಾವಳಿಯ ಪಟಾಕಿ ಮಳಿಗೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2008ರ ಸ್ಫೋಟಕ ನಿಯಮಗಳು ಸ್ಪಷ್ಟ. ಮಳಿಗೆಯಿಂದ ಮಳಿಗೆಗೆ ಕನಿಷ್ಠ 3 ಮೀಟರ್, ಎದುರುಬದುರು ಬೇಡ, ಒಂದು ಕಡೆ 50ಕ್ಕಿಂತ ಜಾಸ್ತಿ ಮಳಿಗೆ ಬೇಡ. ಟೇಪು ನೀವೇ ಹಿಡಿಯಿರಿ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಗೋದಾಮಿನಲ್ಲಿ ಏನಾಯಿತು ಅಂತ ಯಾರಿಗೂ ಹೇಳಬೇಕಾಗಿಲ್ಲ. ಗಣೇಶನ ಪೆಂಡಾಲಿಗೆ ಬಂದಾಗ ಹುಡುಗರು ‘ಮೂರು ದಿನಕ್ಕೆ ಇಷ್ಟೆಲ್ಲ ಯಾಕೆ ಸಾರ್’ ಅಂತಾರೆ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆ ಹೊತ್ತಿದಾಗ 90ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ಬಟ್ಟೆಯ ಚಾವಣಿ ಎಷ್ಟು ದಿನದ್ದು ಅಂತ ಬೆಂಕಿ ಕೇಳುವುದಿಲ್ಲ ಅಂತ ನಾನು ಹೇಳುತ್ತಿದ್ದೆ. ಅರ್ಧ ಜನ ಕೇಳುತ್ತಿದ್ದರು.

ಕೊನೆಗೆ ಬರವಣಿಗೆ. ನಮ್ಮ ಇಲಾಖೆಯಲ್ಲಿ ಇದಕ್ಕೆ ಬೆಲೆ ಕಮ್ಮಿ. ‘ಅಗ್ನಿ ಸುರಕ್ಷತಾ ಕ್ರಮಗಳು ಸಮರ್ಪಕವಾಗಿರುವುದಿಲ್ಲ’ ಅಂತ ಒಂದು ಸಾಲು ಬರೆದು ನೋಟಿಸ್ ಕಳಿಸುತ್ತೇವೆ. ಇದರಿಂದ ಮಾಲೀಕನಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನೀವು ವರ್ಗವಾಗಿ ಹೋದ ಮೇಲೆ ಬರುವವನಿಗೂ ಪ್ರಯೋಜನವಿಲ್ಲ. ಹೀಗೆ ಬರೆಯಿರಿ: ‘ಮೂರನೇ ಮಹಡಿ, ಪೂರ್ವದ ಮೆಟ್ಟಿಲಿನ ಬಾಗಿಲು. ಅಗಲ 80 ಸೆಂ.ಮೀ., ಇರಬೇಕಾದದ್ದು 100. ಒಳಕ್ಕೆ ತೆರೆಯುತ್ತದೆ, ಹೊರಕ್ಕೆ ತೆರೆಯಬೇಕು. 30 ದಿನದೊಳಗೆ ಸರಿಪಡಿಸಿ.’ ತಾರೀಕು ಇರುವ ಫೋಟೋ ಲಗತ್ತಿಸಿ. ಒಂದು ಪ್ರತಿ ನಗರಸಭೆಗೆ, ವೈರಿಂಗ್ ದೋಷ ಇದ್ದರೆ ವಿದ್ಯುತ್ ಪರಿವೀಕ್ಷಕರಿಗೆ. ಟ್ರೇಡ್ ಲೈಸೆನ್ಸ್ ತಡೆಯುವ ಕೈ ನಮ್ಮದಲ್ಲ, ಅವರದು. ನಾವು ಕೆಲಸ ಮಾಡುವ ಮೂಲ ಕಾನೂನು 1964ರದ್ದು. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಎಲ್ಲ ರಾಜ್ಯಗಳಿಗೂ ಹೊಸ ಮಾದರಿ ಮಸೂದೆ ಕಳಿಸಿದೆ. 2023ರಲ್ಲಿ ಅಗ್ನಿಶಾಮಕ ಸೇವೆಗಳ ಆಧುನೀಕರಣಕ್ಕೆ 5,000 ಕೋಟಿ ರೂಪಾಯಿಯ ಯೋಜನೆಯೂ ಬಂತು. ಬರಲಿ. ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದು ಟೇಪು, ಟಾರ್ಚು, ಪೆನ್ನು.

ಆ ನರ್ಸಿಂಗ್ ಹೋಮಿಗೆ ಮರಳಿ ಬರುತ್ತೇನೆ. ‘ಬೀಗ ತೆಗೆದರೆ ಕಳ್ಳರು ಬರ್ತಾರೆ ಸಾರ್’ ಅಂದರು ಮಾಲೀಕರು. ಅವರ ಭಯ ಸುಳ್ಳಲ್ಲ. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಪ್ಯಾನಿಕ್ ಬಾರ್ ಹಾಕಿಸಲು ಹೇಳಿದೆ. ಮೂರು ತಿಂಗಳು ಬಿಟ್ಟು ಹೇಳದೆ ಹೋದೆ. ಬಾರ್ ಹಾಕಿಸಿದ್ದರು, ಬೀಗ ಇರಲಿಲ್ಲ. ಖುಷಿಯಾಗಿ ತಳ್ಳಿದೆ. ಬಾಗಿಲು ನಾಲ್ಕು ಬೆರಳು ತೆರೆದು ನಿಂತಿತು. ಆಚೆ ಕಡೆ ಹಳೆಯ ಕಬ್ಬಿಣದ ಮಂಚಗಳನ್ನು ಒಂದರ ಮೇಲೊಂದು ಪೇರಿಸಿದ್ದರು.

ಅಲ್ಲೇ ಮೆಟ್ಟಿಲ ಮೇಲೆ ಕೂತು ಎರಡನೇ ನೋಟಿಸ್ ಬರೆದೆ.