ಹೊಗೆ ಅಲಾರಂ: ಹಸಿರು ದೀಪ ಹೇಳುವುದೆಷ್ಟು, ಗುಂಡಿ ಹೇಳುವುದೆಷ್ಟು

ಬ್ರಿಟನ್ನಿನ ಮನೆಗಳ ವೈರಿಂಗ್ ಕಲಿಯುತ್ತಿರುವ ಗೆಳೆಯರಿಗಾಗಿ ಇದನ್ನು ಬರೆದಿದ್ದೇನೆ. ಅಲ್ಲಿ ಹೊಸದಾಗಿ ಕಟ್ಟುವ ಮನೆಗಳಲ್ಲಿ ಹೊಗೆ ಅಲಾರಂ 230 ವೋಲ್ಟ್ ಮೇನ್ಸ್‌ನಿಂದ ನಡೆಯುತ್ತದೆ, ಒಳಗೆ ಬ್ಯಾಟರಿಯೂ ಇರುತ್ತದೆ. ಮನೆಗಳ ಬೆಂಕಿ ಅಲಾರಂಗಳಿಗಾಗಿ ಇರುವ ಬ್ರಿಟಿಷ್ ಮಾನದಂಡ ಬಿಎಸ್ 5839-6ರಲ್ಲಿ ಇದು ಡಿ ದರ್ಜೆ. ಬ್ಯಾಟರಿಯನ್ನು ಮನೆಯವರು ತೆಗೆಯಲಾಗದಂತೆ ಮುಚ್ಚಿದ್ದರೆ ಡಿ1, ಬದಲಿಸಲು ಬರುವಂತಿದ್ದರೆ ಡಿ2.

ಮೇನ್ಸ್ ಇರುವಾಗ ಬ್ಯಾಟರಿ ಏಕೆ? ಊರಿಗೆ ಕರೆಂಟು ಹೋಗುವುದು ಒಂದು ಕಾರಣ, ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಬೆಂಕಿ ವೈರಿಂಗ್‌ನಲ್ಲೇ ಹುಟ್ಟಿದರೆ ಬ್ರೇಕರ್ ಬೀಳಬಹುದು. ಆಗ ಅಲಾರಂ ಕೂಗಬೇಕಾದ ಗಳಿಗೆಯಲ್ಲೇ ಅದಕ್ಕೆ ಕರೆಂಟು ಇರುವುದಿಲ್ಲ.

ಕರೆಂಟು ಕೊಡಲು ಎರಡು ದಾರಿಗಳಿವೆ: ಅಲಾರಂಗಳಿಗೇ ಪ್ರತ್ಯೇಕ ಸರ್ಕ್ಯೂಟ್, ಇಲ್ಲವೇ ದಿನವೂ ಬಳಸುವ ದೀಪಗಳ ಸರ್ಕ್ಯೂಟ್. ಮೊದಲನೆಯದೇ ಮೇಲು ಎಂದು ಅನೇಕರಿಗೆ ತೋರುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ. ಮೇನ್ಸ್ ಇರುವವರೆಗೆ ಅಲಾರಂ ಮೇಲೆ ಪುಟ್ಟ ಹಸಿರು ದೀಪ ಉರಿಯುತ್ತದೆ; ಪ್ರತ್ಯೇಕ ಸರ್ಕ್ಯೂಟಿನ ಬ್ರೇಕರ್ ಬಿದ್ದು ಅದು ಆರಿದರೆ ತಲೆಯೆತ್ತಿ ನೋಡುವವರು ಯಾರು? ಮೆಟ್ಟಿಲ ದೀಪ ಹತ್ತದಿದ್ದರೆ ಮಾತ್ರ ಅದೇ ಸಂಜೆ ಇಡೀ ಮನೆಗೆ ತಿಳಿಯುತ್ತದೆ. ಇಲ್ಲಿ ಕಲಿಯುವವರು ಎಡವುವ ಜಾಗವೊಂದಿದೆ. ಅಲಾರಂಗೆ ಫೇಸ್ ತೆಗೆದುಕೊಳ್ಳಬೇಕಾದದ್ದು ಸ್ವಿಚ್‌ಗಿಂತ ಮೊದಲು. ಸ್ವಿಚ್ ದಾಟಿ ಬಂದ ತಂತಿಗೆ ಜೋಡಿಸಿದರೆ ದೀಪ ಆರಿಸಿ ಮಲಗಿದ ಪ್ರತಿ ರಾತ್ರಿಯೂ ಅಲಾರಂ ಬ್ಯಾಟರಿಯನ್ನೇ ತಿನ್ನುತ್ತದೆ.

ಅಲಾರಂಗಳನ್ನು ಒಂದಕ್ಕೊಂದು ಬೆಸೆಯುವುದೂ ಅಷ್ಟೇ ಮುಖ್ಯ. ಕೆಳಗಿನ ಹಜಾರದ ಹೊಗೆಗೆ ಮಹಡಿಯ ಕೋಣೆಯವರು ಏಳಬೇಕು. ಸ್ಕಾಟ್ಲೆಂಡ್‌ನಲ್ಲಿ 2022ರ ಫೆಬ್ರವರಿಯಿಂದ ಎಲ್ಲ ಮನೆಗಳಿಗೂ ಇದು ಕಡ್ಡಾಯವಾಗಿದೆ. ಅಡುಗೆಮನೆಗೆ ಮಾತ್ರ ಹೊಗೆಯ ಬದಲು ಶಾಖದ ಅಲಾರಂ. ಒಣಮೆಣಸಿನಕಾಯಿಯ ಒಗ್ಗರಣೆ ಹಾಕುವ ನಮ್ಮಂಥವರ ಮನೆಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಘಾಟಿಗೆಲ್ಲ ಕೂಗುವ ಅಲಾರಂ ಅಲ್ಲಿದ್ದರೆ ಯಾರಾದರೂ ಬೇಸತ್ತು ಅದನ್ನು ಕಳಚಿಟ್ಟುಬಿಡುತ್ತಾರೆ.

ಈಗ ಪರೀಕ್ಷೆ. ಹಸಿರು ದೀಪ ಹೇಳುವುದು ಮೇನ್ಸ್ ಬರುತ್ತಿದೆ ಎಂಬುದನ್ನಷ್ಟೇ. ಕೂಗುತ್ತದೆಯೇ ಎಂದು ತಿಳಿಯಲು ಅಲಾರಂ ಮೇಲಿರುವ ಪರೀಕ್ಷೆಯ ಗುಂಡಿ ಒತ್ತಲೇಬೇಕು. ತಿಂಗಳಿಗೊಮ್ಮೆಯಾದರೂ ಇದನ್ನು ಮಾಡಿ. ನಾನು ಪೊರಕೆಯ ಹಿಡಿಯಿಂದ ಹಜಾರದ ಅಲಾರಂನ ಗುಂಡಿಯನ್ನು ಒತ್ತಿ ಹಿಡಿಯುತ್ತೇನೆ. ಮೊದಲು ಅದು ಕೂಗುತ್ತದೆ, ಸ್ವಲ್ಪದರಲ್ಲೇ ಮಹಡಿಯಿಂದ ಉಳಿದವು ದನಿಗೂಡಿಸುತ್ತವೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರನ್ನು ಮೇಲೆ ನಿಲ್ಲಿಸಿ, ಪ್ರತಿ ಅಲಾರಂನ ದನಿಯನ್ನೂ ಬೇರೆಬೇರೆಯಾಗಿ ಕೇಳಿಸಿಕೊಳ್ಳಲು ಹೇಳಿ. ಕೆಳಗೆ ನಿಂತವರಿಗೆ ಎಲ್ಲವೂ ಒಂದೇ ಗದ್ದಲ.

ವರ್ಷಕ್ಕೊಮ್ಮೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಬೋರ್ಡಿನಲ್ಲಿ ಆ ಸರ್ಕ್ಯೂಟಿನ ಬ್ರೇಕರ್ ಇಳಿಸಿ, ಹಸಿರು ದೀಪ ಆರಿದೆಯೇ ನೋಡಿ, ಆಮೇಲೆ ಪ್ರತಿಯೊಂದರ ಗುಂಡಿಯನ್ನೂ ಒತ್ತಿ. ಈಗ ಕೂಗುವುದು ಬ್ಯಾಟರಿಯ ಬಲದಿಂದ. ಬ್ರೇಕರ್ ಏರಿಸಿದ ಮೇಲೆ ಎಲ್ಲ ಹಸಿರು ದೀಪಗಳೂ ಮರಳಿ ಹತ್ತಿದವೇ ಎಂದು ಸುತ್ತಿ ನೋಡುವುದನ್ನು ಮರೆಯಬೇಡಿ.

ಬೆಳಗಿನ ಜಾವ ನಿಮಿಷಕ್ಕೊಮ್ಮೆ ‘ಚಿಕ್’ ಎಂದರೆ ಹೆಚ್ಚಾಗಿ ಬ್ಯಾಟರಿ ಸೋತಿರುತ್ತದೆ. ಚಳಿಗೆ ಅದರ ವೋಲ್ಟೇಜ್ ಇಳಿಯುವುದರಿಂದ ಆ ಹೊತ್ತಿಗೇ ಶುರುವಾಗುತ್ತದೆ. ಡಿ2 ಆದರೆ ಬ್ಯಾಟರಿ ಬದಲಿಸಿ. ಡಿ1 ಆದರೆ ಅಲಾರಂ ಅನ್ನೇ ಬದಲಿಸಬೇಕು. ಅದರ ಮೈಮೇಲೆ ಅಚ್ಚಾದ ತಾರೀಖನ್ನೂ ಓದಿ: ಹತ್ತು ವರ್ಷ ದಾಟಿದ್ದರೆ, ಗುಂಡಿಗೆ ಜೋರಾಗಿ ಕೂಗಿದರೂ ಅದನ್ನು ಇಳಿಸಿ ಹೊಸದನ್ನು ಹಾಕಿಸಿ.