ಮೊದಲು ಬಲ್ಬ್ ಒತ್ತಿ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

"ಅಣ್ಣ, ಕಾರ್ಬೊರೇಟರ್ ಹೋಗಿದೆ, ಒಮ್ಮೆ ಬಿಚ್ಚಿ ನೋಡಿ" ಅಂತಲೇ ನನ್ನ ಶೆಡ್ಡಿಗೆ ಬರುವವರು ಜಾಸ್ತಿ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗವೇ ಈ ಕಾರ್ಬೊರೇಟರ್. ಎಲ್ಲ ನಾಡದೋಣಿಯವರು, ದೋಣಿಯ ಹಿಂದೆ ಸಿಕ್ಕಿಸುವ ಚಿಕ್ಕ ಔಟ್‌ಬೋರ್ಡ್ ಮೋಟರ್‌ಗಳು. ದೂರೂ ಒಂದೇ ಥರ. ದಡದಲ್ಲಿ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಅಳಿವೆ ಹತ್ತಿರ ಬರುವಷ್ಟರಲ್ಲಿ ಸೊರಗಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಹಗ್ಗ ಎಳೆದರೆ ಏನೂ ಆಗದವರ ಹಾಗೆ ಮತ್ತೆ ಓಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ರಜೆ, ಆಗ ಕಡಲಿಗಿಳಿಯುವುದು ಈ ದೋಣಿಗಳೇ ಅಲ್ವಾ? ಆ ತೆರೆಯಲ್ಲಿ ಮೋಟರ್ ನಿಂತರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ಕಾರ್ಬೊರೇಟರ್ ಆಮೇಲೆ. ಟ್ಯಾಂಕಿನಿಂದ ಬರುವ ಪೈಪಿನ ನಡುವೆ, ಕೈಯಲ್ಲಿ ಒತ್ತಿ ಪೆಟ್ರೋಲನ್ನು ಮೋಟರಿಗೆ ತಳ್ಳುವ ರಬ್ಬರ್ ಬಲ್ಬ್ ಇದೆಯಲ್ಲ, ಮೊದಲು ಅಲ್ಲಿಗೆ ಕೈ ಹಾಕಿ. ಬಾಣದ ಗುರುತು ಮೋಟರ್ ಕಡೆಗಿರಲಿ. ಬಾಣ ಮೇಲೆ ಮಾಡಿ ಹಿಡಿದು ಒತ್ತಿ.

ಮೋಟರ್ ನಿಲ್ಲುವ ಹೊತ್ತಿಗೆ ಬಲ್ಬ್ ಚಪ್ಪಟೆಯಾಗಿದ್ದರೆ ಟ್ಯಾಂಕಿನ ಕಡೆ ಎಲ್ಲೋ ಕಟ್ಟಿದೆ. ಬಹಳ ಸಲ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ತೆರೆದಿರುವುದೇ ಇಲ್ಲ, ಉಪ್ಪುನೀರು ಹೋಗದಿರಲಿ ಅಂತ ಯಾರೋ ಬಿಗಿ ಮಾಡಿರುತ್ತಾರೆ. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಹೇಗೆ ಬರಬೇಕು ಮಾರಾಯ್ರೆ? ಸ್ಕ್ರೂ ಸರಿಯಿದ್ದರೆ ಟ್ಯಾಂಕಿನೊಳಗಿನ ಜಾಲರಿ ನೋಡಿ.

ಎಷ್ಟು ಒತ್ತಿದರೂ ಬಲ್ಬ್ ಗಟ್ಟಿಯಾಗದಿದ್ದರೆ ಅದರ ವಾಲ್ವ್ ಹೋಗಿದೆ, ಇಲ್ಲವೇ ಪೈಪಿನ ತುದಿಯ ಕನೆಕ್ಟರಿನ ರಬ್ಬರ್ ರಿಂಗ್ ಸವೆದು ಗಾಳಿ ಎಳೆಯುತ್ತಿದೆ. ಕಾರ್ಬೊರೇಟರಿನಿಂದ ಪೆಟ್ರೋಲ್ ಸುರಿಯುತ್ತಿದ್ದರೆ ಮಾತ್ರ ಪೆಟ್ರೋಲ್ ತುಂಬಿದಾಗ ದಾರಿ ಮುಚ್ಚುವ ಅಲ್ಲಿನ ಫ್ಲೋಟ್ ಸೂಜಿ ಸರಿಯಾಗಿ ಕೂರುತ್ತಿಲ್ಲ ಅಂತ ಅರ್ಥ. ಇನ್ನು ಮೋಟರ್ ಸೊರಗುವಾಗ ಬಲ್ಬ್ ಒತ್ತುತ್ತಿದ್ದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ ಅಂತಾದರೆ ಫ್ಯೂಯಲ್ ಪಂಪಿನ ಮೇಲೆ ಅನುಮಾನ ಪಡಿ. ಅದರೊಳಗೆ ಪೆಟ್ರೋಲ್ ಎಳೆಯುವ ತೆಳ್ಳಗಿನ ಪೊರೆ, ಅಂದರೆ ಡಯಾಫ್ರಾಮ್ ಇರುತ್ತದೆ, ತೆಗೆದು ಬಿಸಿಲಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತಿದ್ದರೂ ಕಾಣುತ್ತದೆ.

ನಾನೂ ಎಡವಿದ್ದೇನೆ. ಒಬ್ಬರ ಮೋಟರ್ ಮೂರು ಸಲ ವಾಪಸ್ ಬಂತು. ಬಲ್ಬ್ ಗಟ್ಟಿ, ಡಯಾಫ್ರಾಮ್ ಹೊಸದು, ಜೆಟ್ (ಕಾರ್ಬೊರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಪಳಪಳ, ಆದರೂ ಫುಲ್ ಸ್ಪೀಡ್ ಕೊಟ್ಟರೆ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ನಾಲ್ಕನೇ ದಿನ ಪಕ್ಕದ ದೋಣಿಯ ಟ್ಯಾಂಕು, ಪೈಪು ಎರಡನ್ನೂ ತಂದು ಸಿಕ್ಕಿಸಿದೆ. ಗುಂಡಿನ ಹಾಗೆ ಓಡಿತು! ಹಳೆ ಪೈಪನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರೆ ಬಲ್ಬಿಗೂ ಮೋಟರಿಗೂ ನಡುವೆ ಒಳಗಿನ ಪದರ ಈರುಳ್ಳಿ ಸಿಪ್ಪೆಯಂತೆ ಎದ್ದಿತ್ತು. ನಿಧಾನ ಓಡುವಾಗ ಸುಮ್ಮನಿದ್ದು, ಎಳೆತ ಜಾಸ್ತಿಯಾದಾಗ ಬಾಗಿಲು ಮುಚ್ಚಿದಂತೆ ಅಡ್ಡ ನಿಲ್ಲುತ್ತಿತ್ತು. ಹೊರಗಿಂದ ಪೈಪ್ ಹೊಸದರ ಹಾಗೇ ಇತ್ತು. ಮೊದಲ ದಿನವೇ ಪಕ್ಕದವರ ಟ್ಯಾಂಕ್ ತಂದಿದ್ದರೆ ಮುಗಿಯುತ್ತಿತ್ತು, ಆ ಮೂರು ದಿನದ ಕೂಲಿ ನಾನು ಕೇಳಲಿಲ್ಲ.

ಈಗ ಪೆಟ್ರೋಲ್ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಹಳೆ ರಬ್ಬರಿಗೆ ಅದು ಆಗಿಬರುವುದಿಲ್ಲ, ಮೇಲಾಗಿ ನೀರನ್ನೂ ಹೀರಿಕೊಳ್ಳುತ್ತದೆ. ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ. ಅಡಿಯಲ್ಲಿ ಗುಂಡಗಿನ ಹನಿಗಳು ಉರುಳಾಡುತ್ತಿದ್ದರೆ ಅದು ನೀರು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒರೆಸಬೇಕು, ಬೇರೆ ದಾರಿಯಿಲ್ಲ. ಈ ಕೆಲಸ ಬಯಲಲ್ಲಿ ಮಾಡಿ, ಬೀಡಿ ದೂರ ಇಡಿ.

ಜೆಟ್ ಕಟ್ಟಿದೆ ಅಂತ ತಂತಿ ಚುಚ್ಚಬೇಡಿ. ಅದು ಹಿತ್ತಾಳೆ, ತೂತು ಒಂದು ಕೂದಲೆಳೆಯಷ್ಟು ದೊಡ್ಡದಾದರೂ ಮೋಟರ್ ಲೆಕ್ಕಕ್ಕಿಂತ ಜಾಸ್ತಿ ಪೆಟ್ರೋಲ್ ಕುಡಿಯಲು ಶುರು ಮಾಡುತ್ತದೆ. ಕ್ಲೀನರ್ ಹಾಕಿ ಗಾಳಿ ಹೊಡೆದರೆ ಸಾಕು.

ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಮೋಟರ್ ಇದ್ದವರಿಗೆ ಇನ್ನೊಂದು ಮಾತು. ದಡ ಮುಟ್ಟುವ ಮುಂಚೆ ಎರಡು ಮೂರು ನಿಮಿಷ ಪೆಟ್ರೋಲಿಗೆ ತಿರುಗಿಸಿ ಓಡಿಸಿ, ಒಳಗಿನ ಸೀಮೆಎಣ್ಣೆ ಉರಿದು ಹೋಗಲಿ. ಇಲ್ಲದಿದ್ದರೆ ಮರುದಿನ ಬೆಳಗ್ಗೆ ಹಗ್ಗ ಎಳೆದೆಳೆದು ಭುಜ ಬೀಳುತ್ತದೆ. ಹಾಗೆ ಬದಲಿಸಲು ತಿರುಗಿಸುವ ನಲ್ಲಿ, ಅಂದರೆ ಕಾಕ್ ಸವೆದಿದ್ದರೆ ಸೀಮೆಎಣ್ಣೆಯಲ್ಲಿ ಓಡುವಾಗ ಪೆಟ್ರೋಲ್ ಬಾಯಿಂದ ಗಾಳಿ ಎಳೆಯುತ್ತದೆ. ಆಗಲೂ ಎಲ್ಲರೂ ಬಿಚ್ಚುವುದು ಕಾರ್ಬೊರೇಟರನ್ನೇ.